ಮನೆಯಲ್ಲೇ ಚರ್ಮದ ಆರೈಕೆ: ಹೊಸ ಕ್ರೀಮು, ಸೀರಂ, ಲೇಪಗಳನ್ನು ನೀವು ಹೇಗೆ ಪರೀಕ್ಷಿಸಿ ನೋಡುತ್ತೀರಿ?

ಹೇಮಾವತಿ ದಡ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅತ್ತೆಯವರು, ನಾನು, ನಾದಿನಿ ಮತ್ತು ಪಿಯುಸಿ ಓದುತ್ತಿರುವ ಮಗಳು, ಹೀಗೆ ನಾಲ್ವರು ಹೆಂಗಸರಿದ್ದೇವೆ. ಅತ್ತೆಯವರು ಕಡಲೆಹಿಟ್ಟು ಮತ್ತು ಕಸ್ತೂರಿ ಅರಿಶಿನ ಬಿಟ್ಟು ಬೇರೇನನ್ನೂ ಮುಖಕ್ಕೆ ಮುಟ್ಟಿಸುವುದಿಲ್ಲ. ಮಗಳು ಮೊಬೈಲಿನಲ್ಲಿ ನೋಡಿದ ಸೀರಂಗಳನ್ನು ತರಿಸುತ್ತಾಳೆ, ಜೊತೆಗೆ ಕಾಫಿ ಪುಡಿಯ ಸ್ಕ್ರಬ್ ಕೂಡ ಮಾಡಿಕೊಳ್ಳುತ್ತಾಳೆ. ನಾದಿನಿಗೆ ಈಚೆಗೆ ಎರಡೂ ಕೆನ್ನೆಯ ಮೇಲೆ ಬಂಗು ಕಾಣಿಸಿಕೊಂಡಿದ್ದು, ನೆರೆಮನೆಯವರು ಹೇಳಿದ ಬಿಳಿ ಕ್ರೀಮೊಂದನ್ನು ತರಿಸಿ ನೋಡುವ ಯೋಚನೆಯಲ್ಲಿದ್ದಾಳೆ.

ಮನೆಯಲ್ಲಿ ಹೀಗೆ ಪ್ರಯತ್ನಿಸಿ ನೋಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಪ್ರತಿಯೊಂದು ಕಲೆಗೂ, ಪ್ರತಿಯೊಂದು ಮೊಡವೆಗೂ ಹಾಸನಕ್ಕೆ ಹೋಗಿ ಚರ್ಮರೋಗ ತಜ್ಞರನ್ನು ಕಾಣಲು ಎಲ್ಲರಿಗೂ ಸಮಯವೂ ಇಲ್ಲ, ಹಣವೂ ಇಲ್ಲ. ಆದರೆ ಪ್ರಯೋಗವೆಂದ ಮೇಲೆ ಅದಕ್ಕೊಂದು ಕ್ರಮ ಬೇಕು. ಒಂದೇ ವಾರದಲ್ಲಿ ಹೊಸ ಫೇಸ್‌ವಾಶ್, ಹೊಸ ಸೀರಂ, ಹೊಸ ಸನ್‌ಸ್ಕ್ರೀನ್ ಮೂರನ್ನೂ ಆರಂಭಿಸಿ, ಮುಖ ಉರಿಯತೊಡಗಿದಾಗ ಯಾವುದರಿಂದ ಉರಿಯಿತೆಂದು ತಿಳಿಯದೆ ಮೂರನ್ನೂ ಮೂಲೆಗೆ ಎಸೆಯುವುದನ್ನು ನಮ್ಮ ಬಂಧುಬಳಗದಲ್ಲಿ ಬಹಳ ಕಡೆ ನೋಡಿದ್ದೇನೆ. ಒಂದು ಸಲಕ್ಕೆ ಒಂದೇ ಹೊಸ ವಸ್ತು, ಅದೂ ಮೊದಲು ಮುಖಕ್ಕಲ್ಲ, ಎಂಬುದು ನಾನು ಮನೆಯಲ್ಲಿ ಮಾಡಿಕೊಂಡಿರುವ ನಿಯಮ. ಇದಕ್ಕಿಂತ ಹೆಚ್ಚು ತಿಳಿದವರು, ಮುಖ್ಯವಾಗಿ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹವೆ, ನೀರು, ಕೆಲಸಗಳನ್ನು ಬಲ್ಲವರು, ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಕಾಫಿ ಹೂವು, ಮೂಡಿಗೆರೆ

ಕಾಫಿ ಪುಡಿಯ ವಿಷಯ ನಾನು ಬರೆಯುತ್ತೇನೆ, ಏಕೆಂದರೆ ತೋಟದ ಮನೆಗಳಲ್ಲಿ ಎಲ್ಲರ ಕೈಯೂ ಮೊದಲು ಅದರತ್ತಲೇ ಹೋಗುತ್ತದೆ. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಚರಟವನ್ನು ಒಂದು ಚಿಟಿಕೆ ತೆಗೆದುಕೊಂಡು ಹೆಬ್ಬೆರಳು, ತೋರುಬೆರಳುಗಳ ನಡುವೆ ನಿಧಾನವಾಗಿ ತಿಕ್ಕಿ ನೋಡಿ. ಬಿಸಿನೀರಿನಲ್ಲಿ ಅಷ್ಟು ನೆಂದಿದ್ದರೂ ಬೀಜದ ಚೂರುಗಳು ಮೆತ್ತಗಾಗಿರುವುದಿಲ್ಲ. ಒಂದೊಂದು ಚೂರಿಗೂ ಒಂದೊಂದು ಕಡೆ ಮೊನೆ ಇರುವುದು ಬೆರಳಿಗೆ ತಿಳಿಯುತ್ತದೆ. ಹಿಮ್ಮಡಿಗೆ, ಮೊಣಕೈಗೆ, ತೋಟದ ಕೆಲಸದಿಂದ ಒರಟಾದ ಅಂಗೈಗೆ ಇದು ಒಳ್ಳೆಯದೇ. ಮುಖಕ್ಕೆ ಮಾತ್ರ ಬೇಡವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಮೊಡವೆಯಿರುವ ಕೆನ್ನೆಗೆ ತಿಕ್ಕಿದರೆ ಮೊಡವೆ ಒಡೆದು ಗಾಯವಾಗುತ್ತದೆ, ಮತ್ತು ನಮ್ಮಂಥ ಮೈಬಣ್ಣದವರಲ್ಲಿ ಗಾಯವೋ ಉರಿಯೋ ಆದ ಜಾಗದಲ್ಲೆಲ್ಲ ಕಪ್ಪು ಕಲೆ ಕುಳಿತು ತಿಂಗಳುಗಟ್ಟಲೆ ಹೋಗುವುದಿಲ್ಲ. ಕಲೆ ತೆಗೆಯಲೆಂದು ತಿಕ್ಕಿದ್ದೇ ಕಲೆಗೆ ಕಾರಣವಾಗುತ್ತದೆ.

ಮನೆಯಲ್ಲಿ ಕಲಸಿದ ಲೇಪಗಳು ಕೆಡುವ ವಿಚಾರವನ್ನೂ ಗಮನಿಸಬೇಕು. ಅಂಗಡಿಯ ಕ್ರೀಮಿನಲ್ಲಿ ಸಂರಕ್ಷಕ ಇರುತ್ತದೆ. ನಾವು ನೀರು, ಮೊಸರು, ಲೋಳೆಸರ, ಜೇನು ಸೇರಿಸಿ ಕಲಸಿದ್ದರಲ್ಲಿ ಇರುವುದಿಲ್ಲ. ಆಷಾಢದ ಮಳೆಯಲ್ಲಿ ಮೂಡಿಗೆರೆಯ ಕಡೆ ಬೀರುವಿನೊಳಗಿನ ಚರ್ಮದ ಚೀಲಕ್ಕೇ ಬೂಷ್ಟು ಹಿಡಿಯುತ್ತದೆ, ಇನ್ನು ಒದ್ದೆ ಲೇಪ ಉಳಿಯುವ ಮಾತೆಲ್ಲಿ ಬಂತು. ಒಣ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಅಂದಂದಿಗೆ ಬೇಕಾದಷ್ಟನ್ನೇ ಕಲಸಿ, ಮಿಕ್ಕಿದ್ದನ್ನು ಚೆಲ್ಲಿಬಿಡಿ. ಫ್ರಿಜ್ಜಿನಲ್ಲಿಟ್ಟರೂ ಹೆಚ್ಚು ದಿನ ಬಾರದು.

ನಿಮ್ಮ ಅತ್ತೆಯವರ ಕಸ್ತೂರಿ ಅರಿಶಿನದ ಬಗ್ಗೆ ಒಂದೇ ಮಾತು: ಪುಡಿಯ ಬದಲು ಕೊಂಬು ತಂದು ಸಾಣೆಕಲ್ಲಿನ ಮೇಲೆ ತೇಯ್ದು ಹಚ್ಚಿಕೊಳ್ಳಲಿ. ಬಿಡಿಯಾಗಿ ಮಾರುವ ಅರಿಶಿನ ಪುಡಿಗೆ ಮೆಟನಿಲ್ ಹಳದಿ, ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆ ನಮ್ಮ ದೇಶದಲ್ಲಿ ಹಿಂದಿನಿಂದಲೂ ಇದೆ.

ರಸಾಯನಶಾಸ್ತ್ರದ ಮೇಷ್ಟ್ರು, ಹಾಸನ

ಮೂಡಿಗೆರೆಯ ಸೋದರಿ ಬರೆದದ್ದಕ್ಕೆ ನನ್ನ ವಿಷಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಆರೋಗ್ಯವಂತ ಚರ್ಮದ ಮೇಲ್ಪದರವು ತುಸು ಆಮ್ಲೀಯವಾಗಿದ್ದು, ಅದರ ಪಿಎಚ್, ಅಂದರೆ ಆಮ್ಲತೆಯ ಅಳತೆ, ಸಾಮಾನ್ಯವಾಗಿ 4.5ರಿಂದ 5.5ರ ಆಸುಪಾಸಿನಲ್ಲಿರುತ್ತದೆ. ಸಾಧಾರಣ ಮೈಸಾಬೂನಿನದು 9ರಿಂದ 10. ನಿಂಬೆರಸದ್ದು ಸುಮಾರು 2. ಪಿಎಚ್‌ನಲ್ಲಿ ಒಂದು ಅಂಕ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆಯಾದ್ದರಿಂದ, 5ರಿಂದ 2ಕ್ಕೆ ಇಳಿಯುವುದೆಂದರೆ ಸಾವಿರ ಪಟ್ಟು. ಮುಖಕ್ಕೆ ನಿಂಬೆಹಣ್ಣು ತಿಕ್ಕಿಕೊಂಡು, ನಂತರ ಅಡುಗೆ ಸೋಡಾದಿಂದ ತೊಳೆಯಿರಿ ಎಂಬ ಸಲಹೆಯನ್ನು ಪಾಲಿಸಿದವರು ಚರ್ಮವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಳೆದಾಡುತ್ತಾರೆ, ಅಷ್ಟೇ.

ನಿಂಬೆಯಲ್ಲಿ ಇನ್ನೂ ಒಂದು ಅಪಾಯವಿದೆ. ಅದರ ಸಿಪ್ಪೆಯ ಎಣ್ಣೆಯಲ್ಲಿಯೂ ರಸದಲ್ಲಿಯೂ ಫ್ಯೂರೊಕೌಮರಿನ್ ಎಂಬ ವರ್ಗದ ರಾಸಾಯನಿಕಗಳಿದ್ದು, ಅವು ಚರ್ಮದ ಮೇಲಿರುವಾಗ ಬಿಸಿಲಿನ ಯುವಿಎ ಎಂಬ ಅತಿನೇರಳೆ (ಯುವಿ) ಕಿರಣ ಬಿದ್ದರೆ ಸುಟ್ಟ ಗಾಯದಂತೆ ಕೆಂಪಾಗಿ, ಕೆಲವೊಮ್ಮೆ ಗುಳ್ಳೆ ಎದ್ದು, ಆಮೇಲೆ ಕಂದು ಕಲೆ ಉಳಿಯುತ್ತದೆ. ಇದು ಹಚ್ಚಿದ ಕೂಡಲೇ ಕಾಣುವುದಿಲ್ಲ. ಒಂದೆರಡು ದಿನ ಕಳೆದ ಮೇಲೆ ಕಾಣುತ್ತದೆ. ಹಾಗಾಗಿಯೇ ಜನ ನಿಂಬೆಯನ್ನು ಅನುಮಾನಿಸುವುದಿಲ್ಲ.

ವಿಟಮಿನ್ ಸಿ ಬೇಕೆಂದೇ ನಿಂಬೆ ಹಚ್ಚುವವರು ತಿಳಿಯಬೇಕಾದ ಸಂಗತಿಯೆಂದರೆ, ಸೀರಂಗಳಲ್ಲಿ ಬಳಸುವ ಎಲ್-ಆಸ್ಕಾರ್ಬಿಕ್ ಆಮ್ಲವು ಶೇ 10ರಿಂದ 20ರಷ್ಟು ಸಾಂದ್ರತೆಯಲ್ಲಿರುತ್ತದೆ. ನಿಂಬೆರಸದಲ್ಲಿ ಅದರ ಹತ್ತಿರಕ್ಕೂ ಬಾರದಷ್ಟು ಕಡಿಮೆ ಇದೆ, ಇರುವುದು ಹೆಚ್ಚಾಗಿ ಸಿಟ್ರಿಕ್ ಆಮ್ಲ. ಇನ್ನು ಆ ಸೀರಂ ಕೂಡ ಗಾಳಿ, ಬೆಳಕು ತಾಗಿದರೆ ಕೆಡುವ ವಸ್ತುವೇ. ಕೊಂಡಾಗ ನೀರಿನಂತೆ ತಿಳಿಯಾಗಿದ್ದುದು ಹಳದಿಗೆ, ಆಮೇಲೆ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರ ಗುಣ ಹೋಗಿದೆ ಎಂದರ್ಥ. ಸ್ನಾನದ ಮನೆಯ ಕಿಟಕಿಯ ಮೇಲಿಡದೆ ಕತ್ತಲೆಯ ಕಪಾಟಿನಲ್ಲಿಡಲು ನಿಮ್ಮ ಮಗಳಿಗೆ ಹೇಳಿ.

ಡಬ್ಬಿಯ ಮೇಲಿನ ಪಟ್ಟಿಯನ್ನು ಓದುವ ಅಭ್ಯಾಸವನ್ನೂ ಅವಳಿಗೆ ಮಾಡಿಸಿ. ಘಟಕಗಳನ್ನು ಹೆಚ್ಚು ಇರುವುದರಿಂದ ಕಡಿಮೆ ಇರುವುದರ ಕಡೆಗೆ ಕ್ರಮವಾಗಿ ಬರೆಯುತ್ತಾರೆ. ಶೇ 1ಕ್ಕಿಂತ ಕಡಿಮೆ ಇರುವವುಗಳನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಮುಂಭಾಗದಲ್ಲಿ ಕೇಸರಿ ಹೂವಿನ ದೊಡ್ಡ ಚಿತ್ರವಿದ್ದು, ಪಟ್ಟಿಯಲ್ಲಿ ಕೇಸರಿಯ ಹೆಸರು ಸುಗಂಧದ್ರವ್ಯದ ನಂತರ ಬಂದಿದ್ದರೆ ಎಷ್ಟು ಕೇಸರಿ ಇದ್ದೀತೆಂದು ನೀವೇ ಊಹಿಸಿಕೊಳ್ಳಬಹುದು. ಚರ್ಮದ ಮೇಲ್ಪದರ ಸುಲಿಯಲು ಬಳಸುವ ಗ್ಲೈಕೋಲಿಕ್ ಆಮ್ಲವನ್ನು ಮನೆಯಲ್ಲಿ ಶೇ 10ರ ಮೇಲೆ ಬಳಸಬಾರದು. ಶೇ 30, 50, 70ರ ‘ಪೀಲ್’ ಸೀಸೆಗಳು ಈಗ ಅಂಚೆಯಲ್ಲೇ ಮನೆಗೆ ಬರುತ್ತವೆ. ಅವು ವೈದ್ಯರ ಕೈಯಲ್ಲಿ ಗಡಿಯಾರ ನೋಡಿಕೊಂಡು ಹಚ್ಚಿ ತೆಗೆಯುವಂಥವು.

ಅಜ್ಜಿಮನೆ, ಕೊಪ್ಪ

ಮೇಷ್ಟ್ರ ಮಾತನ್ನು ಗೌರವದಿಂದ ಓದಿದೆ. ಆದರೂ ನನ್ನದೊಂದು ಆಕ್ಷೇಪವಿದೆ. ನಮ್ಮ ಹಿರಿಯರು ಸೀಗೆಕಾಯಿ, ಅಂಟುವಾಳ, ಮತ್ತಿ ಸೊಪ್ಪು, ದಾಸವಾಳದ ಎಲೆ, ಹೆಸರುಹಿಟ್ಟು ಇಷ್ಟರಲ್ಲೇ ಜೀವನ ಕಳೆದರು. ದೀಪಾವಳಿಗೆ ಮೈತುಂಬ ಎಣ್ಣೆ ಹಚ್ಚಿ, ಹಂಡೆಯ ನೀರು ಸುರಿದುಕೊಂಡು ಕಡಲೆಹಿಟ್ಟಿನಿಂದ ಜಿಡ್ಡು ತೆಗೆದರೆ ಮೈ ಹೊಳೆಯುತ್ತಿತ್ತು. ಪಿಎಚ್ ಎಂದರೇನೆಂದು ನಮ್ಮ ಅಜ್ಜಿಗೆ ತಿಳಿದಿರಲಿಲ್ಲ. ಮನೆಯ ವಸ್ತುಗಳಿಗೆಲ್ಲ ಹೀಗೆ ದೋಷ ಹುಡುಕಿದರೆ ಕೊನೆಗೆ ಎಲ್ಲರೂ ಅಂಗಡಿಯ ಬಾಗಿಲಿಗೇ ಹೋಗಿ ನಿಲ್ಲಬೇಕಾಗುತ್ತದೆ.

ಆದರೆ ಒಂದನ್ನು ನಾನೂ ಒಪ್ಪುತ್ತೇನೆ. ಅಜ್ಜಿಯ ಕಾಲದ ವಸ್ತುಗಳೆಲ್ಲ ಹಚ್ಚಿ ತೊಳೆಯುವಂಥವಾಗಿದ್ದವು. ರಾತ್ರಿಯಿಡೀ ಮುಖದ ಮೇಲೆ ಬಿಟ್ಟು ಮಲಗುವಂಥವಲ್ಲ. ಬಳಸುವುದಕ್ಕೂ ಅವರಲ್ಲಿ ವಿಧಾನವಿತ್ತು. ಲೋಳೆಸರದ ಎಲೆಯನ್ನು ಕೊಯ್ದ ಕೂಡಲೇ ಯಾರೂ ಹಚ್ಚುತ್ತಿರಲಿಲ್ಲ. ಕೊಯ್ದ ತುದಿಯನ್ನು ಕೆಳಮುಖ ಮಾಡಿ ಬಚ್ಚಲಿನ ಗೋಡೆಗೆ ಒರಗಿಸಿಟ್ಟರೆ, ಸಿಪ್ಪೆಯ ಅಡಿಯಿಂದ ಹಳದಿ ಮಿಶ್ರಿತ ಕಂದು ರಸ ತೊಟ್ಟಿಕ್ಕಿ ಇಳಿಯುತ್ತದೆ. ಅದೆಲ್ಲ ಸೋರಿದ ಮೇಲೆ ಎಲೆಯನ್ನು ತೊಳೆದು, ಅಂಚಿನ ಮುಳ್ಳು ತೆಗೆದು, ಒಳಗಿನ ಬಣ್ಣವಿಲ್ಲದ ತಿರುಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಈಗಿನವರು ಆ ಹಳದಿ ರಸದ ಸಮೇತ ಮಿಕ್ಸಿಗೆ ಹಾಕಿ, ತುರಿಕೆ ಬಂದಾಗ ಲೋಳೆಸರವೇ ಒಗ್ಗದು ಎನ್ನುತ್ತಾರೆ.

ರಸಾಯನಶಾಸ್ತ್ರದ ಮೇಷ್ಟ್ರು, ಹಾಸನ

ಅಮ್ಮ, ನೀವು ಹೇಳಿದ ಹಳದಿ ರಸದಲ್ಲಿರುವುದು ಅಲೋಯಿನ್ ಮೊದಲಾದ ಆಂಥ್ರಾಕ್ವಿನೋನ್ ವರ್ಗದ ವಸ್ತುಗಳು, ಅವು ಚರ್ಮವನ್ನು ಕೆರಳಿಸುತ್ತವೆ. ನಿಮ್ಮ ಅಜ್ಜಿಯವರ ವಿಧಾನ ಸಂಪೂರ್ಣ ಸರಿ. ಸೀಗೆಕಾಯಿಯ ಮೇಲೂ ನನಗೆ ಆಕ್ಷೇಪವಿಲ್ಲ. ಮನೆಯ ವಸ್ತುವೋ ಅಂಗಡಿಯದೋ ಎಂಬುದಕ್ಕಿಂತ, ಅದರಲ್ಲಿ ಏನಿದೆ ಮತ್ತು ಎಷ್ಟು ಹೊತ್ತು ಚರ್ಮದ ಮೇಲಿರುತ್ತದೆ ಎಂಬುದನ್ನೇ ನಾನು ಕೇಳುತ್ತೇನೆ.

ಬಯಲುಸೀಮೆ, ಅರಸೀಕೆರೆ

ನೀರಿನ ವಿಷಯವನ್ನು ಯಾರೂ ಎತ್ತಲಿಲ್ಲ. ಮಲೆನಾಡಿನ ತೊರೆಯ ನೀರಿಗೂ ನಮ್ಮ ಅರಸೀಕೆರೆ, ಕಡೂರಿನ ಕೊಳವೆಬಾವಿಯ ನೀರಿಗೂ ಅಜಗಜಾಂತರ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪದರ ಚರ್ಮದ ಮೇಲೂ ಕೂರುತ್ತದೆ. ಕೊಪ್ಪದ ಕಡೆಯಿಂದ ನಮ್ಮೂರಿನ ಹತ್ತಿರಕ್ಕೆ ಮದುವೆಯಾಗಿ ಬಂದ ನನ್ನ ತಂಗಿಯ ಗೆಳತಿಯೊಬ್ಬರು, ತವರಿನಲ್ಲಿ ಒಗ್ಗುತ್ತಿದ್ದ ಸಾಬೂನೇ ಇಲ್ಲಿ ಮುಖವನ್ನು ಬಿರಿಯುವಂತೆ ಮಾಡುತ್ತದೆಂದು ಬೇರೆ ಬೇರೆ ಕ್ರೀಮುಗಳನ್ನು ಬದಲಾಯಿಸುತ್ತಿದ್ದರು. ಸಾಬೂನು ಬಿಟ್ಟು, ಸಾಬೂನಲ್ಲದ ಸಿಂಡೆಟ್ ಬಾರ್ ಬಳಸಿ, ಮೈ ಒರೆಸಿದ ಕೂಡಲೇ ಇನ್ನೂ ತೇವವಿರುವಾಗ ಮಾಯಿಶ್ಚರೈಸರ್ ಹಚ್ಚತೊಡಗಿದ ಮೇಲೆ ಬಿರಿತ ನಿಂತಿತು. ಸೀಗೆಕಾಯಿ, ಅಂಟುವಾಳಗಳೂ ಗಡಸು ನೀರಿನಲ್ಲಿ ಸಾಬೂನಿನಂತೆ ಗಸಿ ಕಟ್ಟುವುದಿಲ್ಲ.

ಔಷಧ ಅಂಗಡಿ, ಹಾಸನ

ಇಷ್ಟು ಹೊತ್ತು ಓದುತ್ತಿದ್ದೆ. ಮೊದಲ ಬರಹದಲ್ಲಿ ಬಂದ ‘ಬಿಳಿ ಕ್ರೀಮ್’ ಎಂಬ ಮಾತಿನ ಮೇಲೆ ಯಾರೂ ನಿಲ್ಲಲಿಲ್ಲವಲ್ಲ ಎಂಬ ಆತಂಕದಿಂದ ಬರೆಯುತ್ತಿದ್ದೇನೆ. ಕಡಲೆಹಿಟ್ಟು ಒಗ್ಗದಿದ್ದರೆ ತೊಳೆದರೆ ಹೋಯಿತು. ಆ ಕ್ರೀಮಿನ ವಿಷಯ ಹಾಗಲ್ಲ.

ಬಂಗಿಗೆ, ಬೆಳ್ಳಗಾಗುವುದಕ್ಕೆ ಎಂದು ಕೈಯಿಂದ ಕೈಗೆ ಸಾಗುವ ಕ್ರೀಮುಗಳಲ್ಲಿ ಎರಡು ಬಗೆ. ಮೊದಲನೆಯದು ಸ್ಟೀರಾಯ್ಡ್ ಇರುವಂಥವು. ಇವು ವಾಸ್ತವವಾಗಿ ಔಷಧಗಳು. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳನ್ನು ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ನೋಡಬಹುದು, ಕೆಲವದರಲ್ಲಿ ಜೊತೆಗೆ ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯಿನ್ ಇರುತ್ತವೆ. ತಜ್ಞರು ನಿಗದಿತ ವಾರಗಳಿಗೆ ಬರೆದುಕೊಟ್ಟಾಗ ಇವುಗಳಿಂದ ಉಪಯೋಗವಿದೆ. ತೊಂದರೆಯೆಂದರೆ, ಹಚ್ಚಿದ ಆರಂಭದಲ್ಲಿ ರಕ್ತನಾಳಗಳು ಕುಗ್ಗಿ ಮುಖ ಬೆಳ್ಳಗೆ, ನುಣುಪಾಗಿ ಕಾಣುತ್ತದೆ, ಹಾಗಾಗಿ ಹಚ್ಚಿದವರು ಬಿಡುವುದಿಲ್ಲ, ನೋಡಿದವರು ಹೆಸರು ಕೇಳಿಕೊಂಡು ಹೋಗುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ಕೆಂಪು ನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಹೆಂಗಸರ ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ. ಬಿಡಲು ಹೋದರೆ ಬೆಂಕಿಯಂತೆ ಉರಿಯುವುದರಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ಚರ್ಮರೋಗ ತಜ್ಞರು ಇದಕ್ಕೆ ಸ್ಟೀರಾಯ್ಡ್‌ನಿಂದ ಹಾಳಾದ ಮುಖ ಎಂದೇ ಹೆಸರಿಟ್ಟಿದ್ದಾರೆ. ನನ್ನ ಅಂಗಡಿಗೆ ಬರುವವರು ಖಾಲಿ ಟ್ಯೂಬನ್ನು ಬಾಲದಿಂದ ಸುರುಟಿ ಸುರುಟಿ, ಕೊನೆಯ ಹನಿಯನ್ನೂ ಹಿಂಡಿದ ನಂತರ ಕರ್ಚೀಫಿನಲ್ಲಿ ಸುತ್ತಿ ತಂದು ‘ಇದೇ ಕೊಡಿ’ ಎನ್ನುತ್ತಾರೆ; ಸುರುಳಿ ಬಿಡಿಸಿದರೆ ಔಷಧದ ಹೆಸರಿರುವ ಜಾಗ ಉಜ್ಜಿ ಅಳಿಸಿಹೋಗಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಚ್ಚುವ ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿತು. ಚೀಟಿ ಇಲ್ಲದೆ ನಾನು ಕೊಡುವುದಿಲ್ಲ, ಅದಕ್ಕೆ ಬೇಸರ ಮಾಡಿಕೊಂಡು ಹೋಗುವವರೂ ಇದ್ದಾರೆ.

ಗಜಕರ್ಣಕ್ಕೆ ಇದೇ ಟ್ಯೂಬನ್ನು ಹಚ್ಚುವವರ ಕಥೆ ಇನ್ನೂ ಕಷ್ಟದ್ದು. ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹರಡುತ್ತದೆ, ರೂಪವೂ ಬದಲಾಗುವುದರಿಂದ ವೈದ್ಯರಿಗೂ ಗುರುತಿಸುವುದು ಕಷ್ಟವಾಗುತ್ತದೆ.

ಎರಡನೆಯ ಬಗೆ ಪಾದರಸ ಬೆರೆತ ಕ್ರೀಮುಗಳು. ಪಾದರಸವು ಚರ್ಮದಲ್ಲಿ ಬಣ್ಣದ ವಸ್ತುವಾದ ಮೆಲನಿನ್ ತಯಾರಾಗುವುದನ್ನು ತಡೆಯುತ್ತದೆ, ಆದ್ದರಿಂದ ಮುಖ ಬೇಗನೆ ತಿಳಿಯಾಗುತ್ತದೆ. ಆದರೆ ಅದು ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹೀಗೆ ಫೇರ್‌ನೆಸ್ ಕ್ರೀಮ್ ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂದುದನ್ನು ಅಲ್ಲಿಯ ವೈದ್ಯರು ವರದಿ ಮಾಡಿದ್ದು 2023ರಲ್ಲಿ ದೊಡ್ಡ ಸುದ್ದಿಯಾಯಿತು. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂಥ ಕ್ರೀಮುಗಳಿಗೆ ಪಾದರಸವನ್ನು ಬೇಕೆಂದು ಸೇರಿಸುವಂತಿಲ್ಲ. ತಯಾರಿಕೆಯಲ್ಲಿ ತಾನಾಗಿ ಉಳಿದದ್ದೂ ಕಣ್ಣಿನ ಭಾಗದ ಸಾಮಗ್ರಿ ಬಿಟ್ಟು ಉಳಿದವುಗಳಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರುವಂತಿಲ್ಲ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಘಟಕಗಳ ಪಟ್ಟಿ ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಡಬ್ಬಿ ಮನೆಯೊಳಗೆ ಬರಬಾರದು. ಚಿನ್ನ, ಬೆಳ್ಳಿಗೆ ತಾಗಿಸಬೇಡಿ ಎಂಬ ಸೂಚನೆಯಿದ್ದರೆ, ಪಾದರಸವನ್ನೇ ಸೂಚಿಸುವ ಕ್ಯಾಲೊಮೆಲ್ ಅಥವಾ ಮರ್ಕ್ಯುರಿ ಎಂಬ ಪದ ಎಲ್ಲಾದರೂ ಕಂಡರೆ, ಖಂಡಿತ ಬೇಡ. ಪಾದರಸವು ಟವೆಲು, ದಿಂಬಿನ ಮೂಲಕ ಮನೆಯ ಮಕ್ಕಳಿಗೂ ತಗಲುತ್ತದೆ. ಈಗಾಗಲೇ ಹಚ್ಚುತ್ತಿರುವವರಿಗೆ ಮೂತ್ರದಲ್ಲಿ ನೊರೆ, ಕಾಲಿನಲ್ಲಿ ಬಾವು ಕಂಡರೆ ಅಂದೇ ವೈದ್ಯರ ಬಳಿ ಹೋಗಬೇಕು, ಕ್ರೀಮನ್ನೂ ಜೊತೆಗೆ ಒಯ್ಯಬೇಕು.

ಹೇಮಾವತಿ ದಡ, ಸಕಲೇಶಪುರ

ಸರ್, ನಿಮ್ಮ ಬರಹವನ್ನು ನಾದಿನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನೆರೆಮನೆಯವರ ಡಬ್ಬಿಯನ್ನು ತರಿಸಿ ನೋಡಿದೆವು. ಅದರ ಮೇಲೆ ಹೆಸರು ಮತ್ತು ಹೆಣ್ಣೊಬ್ಬಳ ಚಿತ್ರ ಬಿಟ್ಟರೆ ತಯಾರಕರ ವಿಳಾಸವೇ ಇಲ್ಲ. ಅವರಿಗೂ ವಿಷಯ ತಿಳಿಸಿದ್ದೇವೆ. ಇನ್ನು ಮೊದಲು ಮುಖಕ್ಕಲ್ಲ ಎಂದು ನಾನು ಬರೆದೆನಾದರೂ, ಎಲ್ಲಿ ಹಚ್ಚಬೇಕು, ಎಷ್ಟು ದಿನ ಕಾಯಬೇಕು ಎಂಬುದರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ಯಾರಾದರೂ ತಿಳಿಸುವಿರಾ?

ದಾದಿ, ಚಿಕ್ಕಮಗಳೂರು

ನಾನು ಚರ್ಮರೋಗದ ಹೊರರೋಗಿ ವಿಭಾಗದಲ್ಲಿ ಕೆಲಸ ಮಾಡಿದವಳು. ಮನೆಯಲ್ಲಿ ಮಾಡುವ ಪರೀಕ್ಷೆಗೆ ಮೊಣಕೈಯ ಒಳಮಡಿಕೆ ಅಥವಾ ಮುಂಗೈಯ ಒಳಭಾಗ ಸರಿಯಾದ ಜಾಗ. ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ, ಏಳರಿಂದ ಹತ್ತು ದಿನ ಹಚ್ಚಬೇಕು. ಮುಖಕ್ಕೆ ಎಷ್ಟು ದಪ್ಪ ಹಚ್ಚುವಿರೋ ಅಷ್ಟೇ ದಪ್ಪ ಇರಲಿ. ಫೇಸ್‌ವಾಶ್, ಲೇಪಗಳಂಥ ತೊಳೆಯುವ ವಸ್ತುವಾದರೆ ಐದು ನಿಮಿಷ ಅಥವಾ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ತೊಳೆಯಬೇಕು. ಹತ್ತು ನಿಮಿಷ ನೋಡಿ ಏನೂ ಆಗಲಿಲ್ಲವೆಂದು ಮುಖಕ್ಕೆ ಹಚ್ಚುವವರೇ ಹೆಚ್ಚು. ಕೂಡಲೇ ಉರಿದರೆ ಅದು ವಸ್ತುವಿನ ಖಾರ. ಅಲರ್ಜಿ ನಿಧಾನವಾಗಿ ಬರುತ್ತದೆ. ತುರಿಕೆ, ಕೆಂಪು, ಸಣ್ಣ ಗುಳ್ಳೆ ಒಂದರಿಂದ ಮೂರು ದಿನಗಳಲ್ಲಿ, ಕೆಲವೊಮ್ಮೆ ಅದಕ್ಕಿಂತ ತಡವಾಗಿ ಕಾಣಿಸುತ್ತವೆ. ಆಸ್ಪತ್ರೆಯ ಪ್ಯಾಚ್ ಟೆಸ್ಟ್‌ನಲ್ಲಿಯೂ ಬೆನ್ನಿಗೆ ಅಂಟಿಸಿದ್ದನ್ನು 48 ಗಂಟೆಗಳ ನಂತರ ತೆಗೆದು, ಮತ್ತೆ 72 ಅಥವಾ 96 ಗಂಟೆಗೆ ನೋಡುವುದು ಈ ಕಾರಣಕ್ಕೇ. ಕೈಯಲ್ಲಿ ಏನೂ ಆಗದಿದ್ದರೆ ಕಿವಿಯ ಕೆಳಗೆ ದವಡೆಯ ಅಂಚಿಗೆ ಕೆಲವು ದಿನ ಹಚ್ಚಿ, ಆಮೇಲೆ ಮುಖಕ್ಕೆ ಬನ್ನಿ. ಫಲ ಕಾಣಲು ಆರರಿಂದ ಎಂಟು ವಾರವಾದರೂ ಬೇಕು, ಏಕೆಂದರೆ ಚರ್ಮದ ಮೇಲ್ಪದರ ಹೊಸದಾಗಲು ಯುವಜನರಲ್ಲೇ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ರೆಪ್ಪೆ, ತುಟಿ ಊದಿಕೊಂಡರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ಹೊಸ ಕ್ರೀಮನ್ನು ದೂರುತ್ತಾ ಬರುವವರಲ್ಲಿ ಎಷ್ಟೋ ಸಲ ತೊಂದರೆ ಕೊಟ್ಟಿರುವುದು ಹಳೆಯ ವಸ್ತುವೇ ಆಗಿರುತ್ತದೆ. ಅಂಟಿಸುವ ಬಿಂದಿಯ ಗೋಂದಿನಲ್ಲಿ ಪ್ಯಾರಾ-ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕವಿದ್ದರೆ, ವರ್ಷಗಟ್ಟಲೆ ಅಂಟಿಸಿದ ಜಾಗದಲ್ಲಿ ಬಿಂದಿಯ ಆಕಾರಕ್ಕೇ ಬಿಳಿ ಮಚ್ಚೆ ಮೂಡುತ್ತದೆ. ತೊನ್ನು ಬಂತೆಂದು ಮನೆಯವರೆಲ್ಲ ಹೆದರುತ್ತಾರೆ. ಬಿಂದಿ ನಿಲ್ಲಿಸಿ ಬೇಗ ತೋರಿಸಬೇಕು. ಕೃತಕ ಬಣ್ಣದ ಕುಂಕುಮದಿಂದ ಹಣೆಯ ನಡುವೆ ಬೂದು ಬಣ್ಣದ ಕಪ್ಪು ಬರುತ್ತದೆ; ಅದಕ್ಕೆ ಯಾವ ಸೀರಂ ಹಚ್ಚಿದರೂ ಕುಂಕುಮ ಬದಲಾಯಿಸುವ ತನಕ ಹೋಗುವುದಿಲ್ಲ.

ಇನ್ನೊಂದು ನಮ್ಮ ರಸ್ತೆ ಬದಿಯ, ಹೊಲದ ಬದುವಿನ ಪಾರ್ಥೇನಿಯಂ, ಜನ ಕಾಂಗ್ರೆಸ್ ಗಿಡ ಎನ್ನುವ ಕಳೆ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಇದು ಇಡೀ ದೇಶಕ್ಕೆ ಹಬ್ಬಿದೆ. ಅದರ ಒಣ ಚೂರುಗಳು ಗಾಳಿಯಲ್ಲಿ ತೇಲಿ ಬಂದು ಕಣ್ಣಿನ ರೆಪ್ಪೆ, ಕತ್ತಿನ ಮಡಿಕೆ, ಮೊಣಕೈ ಮಡಿಕೆಗಳಲ್ಲಿ ಇಸುಬು ಎಬ್ಬಿಸುತ್ತವೆ. ಇದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ್ದು, ಆ ಕುಟುಂಬದ ಗಿಡಗಳಲ್ಲಿರುವ ಅಲರ್ಜಿಕಾರಕಗಳು ಒಂದಕ್ಕೊಂದು ಹತ್ತಿರದವು. ಹೀಗಾಗಿ ಪಾರ್ಥೇನಿಯಂ ಒಗ್ಗದವರಿಗೆ ಸೇವಂತಿಗೆ ಹೂವಿನಿಂದಲೂ, ಸೂಕ್ಷ್ಮ ಚರ್ಮಕ್ಕೆಂದು ಕ್ಯಾಮೊಮೈಲ್ ಸಾರ ಸೇರಿಸಿದ ಕ್ರೀಮಿನಿಂದಲೂ ತೊಂದರೆಯಾಗಬಹುದು. ಮುಖದ ಇಸುಬು ಹೊಲದ ಕೆಲಸದ ದಿನಗಳಲ್ಲಿ ಹೆಚ್ಚುತ್ತದೆಯೇ, ಊರು ಬಿಟ್ಟಾಗ ತಗ್ಗುತ್ತದೆಯೇ ಎಂದು ಗಮನಿಸಿ.

ಬಯಲುಸೀಮೆ, ಅರಸೀಕೆರೆ

ಸಿಸ್ಟರ್, ನಮ್ಮ ದೊಡ್ಡಪ್ಪನವರ ಕತ್ತಿನ ತುರಿಕೆಗೆ ನೀವು ಬರೆದ ಲಕ್ಷಣಗಳೆಲ್ಲ ಹೊಂದುತ್ತವೆ. ಅವರು ಶೇವಿಂಗ್ ಕ್ರೀಮನ್ನೇ ದೂರುತ್ತಿದ್ದರು. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋಗುತ್ತೇನೆ. ಸನ್‌ಸ್ಕ್ರೀನ್ ವಿಷಯದಲ್ಲಿ, ಮೋಡ ಕವಿದ ದಿನಗಳಲ್ಲಿ ಮಲೆನಾಡಿನವರಿಗೆ ಅದು ಬೇಕೇ ಎಂಬ ಸಂದೇಹ ನನಗಿದೆ.

ಕಾಫಿ ಹೂವು, ಮೂಡಿಗೆರೆ

ಬೇಕು ಅಣ್ಣ. ತೆಳು ಮೋಡವನ್ನು ಯುವಿ ಕಿರಣ ಬಹುಮಟ್ಟಿಗೆ ದಾಟಿ ಬರುತ್ತದೆ. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಚಿಕ್ಕಮಗಳೂರು ಪಟ್ಟಣವೇ ಸಾವಿರ ಮೀಟರಿನ ಮೇಲಿದೆ, ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ. ತಂಪು ಗಾಳಿಯಿಂದ ಬಿಸಿಲು ತಗಲಿದ್ದು ತಿಳಿಯುವುದಿಲ್ಲ, ಅಷ್ಟೇ. ಸನ್‌ಸ್ಕ್ರೀನಿನ ರಕ್ಷಣೆಯನ್ನು ಹೇಳುವ ಅಂಕಿಯಾದ ಎಸ್‌ಪಿಎಫ್ 30 ಇರುವುದು ಯುವಿಯದೇ ಇನ್ನೊಂದು ಬಗೆಯಾದ ಯುವಿಬಿ ಕಿರಣಗಳಲ್ಲಿ ಸುಮಾರು ಶೇ 97ನ್ನು ತಡೆದರೆ, 50 ಇರುವುದು ಶೇ 98ನ್ನು ತಡೆಯುತ್ತದೆ. ಆದ್ದರಿಂದ ಹೆಚ್ಚಿನ ಅಂಕಿಗೆ ದುಪ್ಪಟ್ಟು ಹಣ ಕೊಡುವುದಕ್ಕಿಂತ, 30ರದ್ದನ್ನೇ ಕೊಂಡು ಧಾರಾಳವಾಗಿ ಹಚ್ಚುವುದು ಮೇಲು. ಆ ಅಂಕಿಗಳನ್ನು ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಮುಖ ಮತ್ತು ಕತ್ತಿಗೆ ಲೆಕ್ಕ ಹಾಕಿದರೆ ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ ಹಿಂಡಿದಷ್ಟು. ನಾವು ಹಚ್ಚುವುದು ಕಡಲೆಕಾಳಿನಷ್ಟು. ಹಣ್ಣು ಕೊಯ್ಯುವ ದಿನಗಳಲ್ಲಿ ಬೆವರು ಇಳಿಯುವುದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದು ಆಗದವರಿಗೆ ಅಗಲ ಅಂಚಿನ ಟೋಪಿ, ತಲೆಗೆ ಕಟ್ಟಿದ ಬಟ್ಟೆ ಸನ್‌ಸ್ಕ್ರೀನಿಗಿಂತ ಕಡಿಮೆಯಲ್ಲ; ನಮ್ಮ ತೋಟದ ಹೆಣ್ಣಾಳುಗಳು ಇದನ್ನು ಮೊದಲಿನಿಂದಲೂ ಮಾಡುತ್ತಾ ಬಂದಿದ್ದಾರೆ.

ಅಜ್ಜಿಮನೆ, ಕೊಪ್ಪ

ಸಿಸ್ಟರ್, ತಲೆಗೂದಲ ಬಣ್ಣವನ್ನೂ ಹೀಗೆಯೇ ಪರೀಕ್ಷಿಸಬೇಕೇ? ನಾನು ಮೆಹೆಂದಿ ಮಾತ್ರ ಬಳಸುವವಳು.

ದಾದಿ, ಚಿಕ್ಕಮಗಳೂರು

ಹೌದು ಅಮ್ಮ. ಬಣ್ಣ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಬೇಕು, ಅದೂ ಪ್ರತಿ ಸಲ. ಹಿಂದೆಲ್ಲ ಒಗ್ಗಿದ್ದು ಈ ಸಲ ಒಗ್ಗದಿರಬಹುದು. ಕಪ್ಪು ಬಣ್ಣಕ್ಕೆ ಬಳಸುವ ಪಿಪಿಡಿ ಎಂಬ ರಾಸಾಯನಿಕವೇ ಹೆಚ್ಚಾಗಿ ಕಾರಣ. ಶುದ್ಧ ಮೆಹೆಂದಿ ಕಿತ್ತಳೆಗೆಂಪು ಬಣ್ಣವನ್ನಷ್ಟೇ ಕೊಡುತ್ತದೆ. ಮೆಹೆಂದಿ ಎಂದು ಮಾರಿದ್ದು ಸ್ವಲ್ಪ ಹೊತ್ತಿನಲ್ಲೇ ಕಡು ಕಪ್ಪಾದರೆ ಅದರಲ್ಲಿ ಬೇರೆ ಬಣ್ಣ ಬೆರೆತಿದೆ.

ಸಕಲೇಶಪುರದವರೇ, ನಾನೇ ಒಂದು ಪ್ರಶ್ನೆ ಕೇಳಬೇಕೆಂದಿದ್ದೆ. ನಿಮ್ಮ ನಾದಿನಿಗೆ ಬಂಗು ಈಚೆಗೆ ಕಾಣಿಸಿತು ಎಂದಿರಿ. ಅವರು ಗರ್ಭಿಣಿಯೇ, ಅಥವಾ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ?

ಹೇಮಾವತಿ ದಡ, ಸಕಲೇಶಪುರ

ಹೌದು ಸಿಸ್ಟರ್, ಐದು ತಿಂಗಳು ತುಂಬಿದೆ. ಮಗಳ ರೆಟಿನಾಲ್ ಸೀರಂ ಅನ್ನು ತಾನೂ ಹಚ್ಚಿ ನೋಡಲೇ ಎಂದು ನಿನ್ನೆ ಕೇಳುತ್ತಿದ್ದಳು. ಏನು ಹೇಳಲಿ?

ದಾದಿ, ಚಿಕ್ಕಮಗಳೂರು

ರೆಟಿನಾಲ್ ಬೇಡ. ಟ್ರೆಟಿನಾಯಿನ್, ಅಡಾಪಲೀನ್ ಹೆಸರಿನವೂ ಅದೇ ವಿಟಮಿನ್ ಎ ವರ್ಗದವು, ಬಸಿರಿನಲ್ಲಿ ಅವನ್ನೂ ಬಳಸಬಾರದು. ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಚರ್ಮದ ಮೂಲಕ ದೇಹಕ್ಕೆ ಹೆಚ್ಚಾಗಿ ಸೇರುವುದರಿಂದ ಅದೂ ಬೇಡ. ಬಸಿರಿನ ಹಾರ್ಮೋನುಗಳಿಂದ ಬಂದ ಬಂಗು ಅನೇಕರಲ್ಲಿ ಹೆರಿಗೆಯಾದ ಕೆಲವು ತಿಂಗಳಲ್ಲಿ ತಾನಾಗಿಯೇ ಮಾಸುತ್ತದೆ, ಆದ್ದರಿಂದ ಅವಸರಪಡಬೇಕಾದ ಕಾರಣವಿಲ್ಲ. ಅಲ್ಲಿಯವರೆಗೆ ಜಿಂಕ್ ಆಕ್ಸೈಡ್ ಮತ್ತು ಐರನ್ ಆಕ್ಸೈಡ್ ಇರುವ, ತುಸು ಬಣ್ಣದ ಸನ್‌ಸ್ಕ್ರೀನ್ ಹಚ್ಚಿಕೊಳ್ಳಲಿ. ಕಣ್ಣಿಗೆ ಕಾಣುವ ಬೆಳಕು ಕೂಡ ನಮ್ಮ ಮೈಬಣ್ಣದವರಲ್ಲಿ ಬಂಗನ್ನು ಕಪ್ಪಾಗಿಸುತ್ತದೆ, ಐರನ್ ಆಕ್ಸೈಡ್ ಅದನ್ನು ತಡೆಯುತ್ತದೆ. ಒಲೆಯ ಝಳಕ್ಕೆ ಮುಖ ಒಡ್ಡುವುದನ್ನು ಕಡಿಮೆ ಮಾಡಲಿ. ಅಜೆಲಾಯಿಕ್ ಆಮ್ಲದ ಕ್ರೀಮನ್ನು ಬಸಿರಿನಲ್ಲಿ ಬಳಸಬಹುದಾದರೂ, ವೈದ್ಯರನ್ನು ಕೇಳಿಯೇ ಆರಂಭಿಸಲಿ. ಮುಂದಿನ ಸಲ ತಪಾಸಣೆಗೆ ಹೋಗುವಾಗ ತಾಯಿ ಕಾರ್ಡಿನ ಜೊತೆಗೆ, ಈಗ ಮುಖಕ್ಕೂ ತಲೆಗೂ ಬಳಸುತ್ತಿರುವ ಟ್ಯೂಬು, ಡಬ್ಬಿ, ಎಣ್ಣೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಲಿ. ಹೊರಗಿನ ರಟ್ಟಿನ ಪೆಟ್ಟಿಗೆಗಳನ್ನು ಬಿಸಾಡಿಲ್ಲವಾದರೆ ಅವನ್ನೂ ಒಯ್ಯಲಿ, ಘಟಕಗಳ ಪಟ್ಟಿ ಎಷ್ಟೋ ಸಲ ಅದರ ಮೇಲೆ ಮಾತ್ರ ಇರುತ್ತದೆ.